ಬಾಯಲ್ಲಿ ಕಲ್ಲುಸಕ್ಕರೆ

ಮಾತಿಗೆ ಮಾತು ಕೊಡದೆ ಸುಮ್ಮನಿದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೆ ಸಿದ್ಧಕಟ್ಟೆ ಪೇಟೆಯಲ್ಲಿ ಒಂದು ಚಹಾದ ಹೋಟೆಲು. ವಾರವಿಡೀ ಗೋಳಿಬಜೆ ಕರಿಯುವುದು, ಆದಿತ್ಯವಾರ ತಾಳಮದ್ದಳೆಯಲ್ಲಿ ಅರ್ಥ ಹೇಳುವುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕುಳಿತು ಪುರಾಣದ ಪಾತ್ರಗಳಾಗಿ ವಾದಿಸುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ, ಎಲ್ಲ ಆ ಕ್ಷಣಕ್ಕೆ ಹುಟ್ಟಿದ್ದು. ಎದುರಾಳಿಯ ಆಕ್ಷೇಪಕ್ಕೆ ಉತ್ತರ ಕೊಡದಿದ್ದರೆ ಸೋತ ಹಾಗೆ. ಆದರೆ ನಮ್ಮ ಕೂಟದಲ್ಲಿ ಸೋತವರು ಬಾಯಿಬಿಟ್ಟು ‘ಸೋತೆ’ ಅನ್ನುವ ಕ್ರಮ ಇಲ್ಲ. ಭಾಗವತರ ಕಡೆ ತಿರುಗಿ, ಮುಂದಿನ ಪದ್ಯ ಆಗಲಿ ಎಂದು ಕೈ ತೋರಿಸಿಬಿಡುತ್ತಾರೆ. ಅಪ್ಪ ಹಾಗೆ ಕೈ ತೋರಿಸಿದ್ದನ್ನು ನಾನು ಕಂಡೇ ಇರಲಿಲ್ಲ.

ನಾನು ಲಂಗ ತೊಟ್ಟು ಹೈಸ್ಕೂಲಿಗೆ ಹೋಗುತ್ತಿದ್ದಾಗಿನ ಒಂದು ಆದಿತ್ಯವಾರ. ಬಂಟ್ವಾಳದಿಂದ ಬರಬೇಕಾದ ಅರ್ಥಧಾರಿಯೊಬ್ಬರು ಬರಲಿಲ್ಲ. ಕೂಟಕ್ಕೆ ಚಹಾ ಕೊಡುತ್ತಿದ್ದ ನಾನು ಗ್ಲಾಸಿನ ತಟ್ಟೆ ಹಿಡಿದುಕೊಂಡೇ, “ನಾನು ಕೂರ್ತೇನೆ” ಎಂದೆ. ನನಗೆ ಆ ದಿನದ ಪ್ರಸಂಗದ ಪದ್ಯಗಳೆಲ್ಲ ಅಡಿಯಿಂದ ಮುಡಿವರೆಗೆ ಬಾಯಿಗೆ ಬರುತ್ತಿದ್ದವು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. “ನೀನು ಒಳಗೆ ಹೋಗಿ ಚಹಾಕ್ಕೆ ನೀರಿಡು” ಎಂದರು.

ಯಾಕೆ ಹಾಗೆಂದರು ಎಂದು ನಾನು ಕೇಳಲಿಲ್ಲ. ಸಾರಿಗೆ ಉಪ್ಪು ಸಾಲದ್ದಕ್ಕೂ ವಾದ ನಡೆಯುವ ಮನೆ ನಮ್ಮದು, ಆದರೂ ಈ ಒಂದು ಪ್ರಶ್ನೆಯನ್ನು ನಾನು ಎತ್ತಲೇ ಇಲ್ಲ. ಈಗ ಎಲ್ಲಿ ನೋಡಿದರೂ ಹೆಂಗಸರ ತಾಳಮದ್ದಳೆ ಕೂಟಗಳಿವೆ. ಅಪ್ಪ ಅವನ್ನು ಮೊಬೈಲಿನಲ್ಲಿ ನೋಡಿ, “ಭಾರೀ ಲಾಯ್ಕ ಅರ್ಥ ಹೇಳ್ತಾಳೆ ಮಾರಾಯ್ತಿ, ನೋಡು” ಎಂದು ನನಗೇ ತೋರಿಸುತ್ತಿದ್ದರು. ನನಗೆ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು.

ನಾನು ಕಲಿಸುತ್ತಿದ್ದ ಬೆಳ್ತಂಗಡಿಯ ಶಾಲೆಗೆ ರಜೆ ಹಾಕಿ, ನಲವತ್ತು ಹತ್ತಿರವಾದ ಮೇಲೆ, ಮಿಜಾರಿನ ಕಡೆಯ ಕಾಲೇಜಿನಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ.ಗೆ ಸೇರಿದ್ದು ಆ ಬೆಂಕಿಗೇ. ಆ ಆದಿತ್ಯವಾರವನ್ನು ಕತೆಯಾಗಿ ಬರೆಯಬೇಕು, ಅದರಲ್ಲಿ ಆ ಪ್ರಶ್ನೆ ಕೇಳಬೇಕು, ಅಪ್ಪ ಅದನ್ನು ಕೂತು ಕೇಳಬೇಕು. ನನಗೆ ಬೇಕಾದದ್ದು ಇಷ್ಟೆ. “ಕತೆ ಬರೆಯಲಿಕ್ಕೂ ಎಂ.ಎ. ಉಂಟಾ?” ಎಂದು ಊರವರು ನಕ್ಕರು. ಅಪ್ಪನದು ಇನ್ನೂ ಒಂದು ಕೈ ಮೇಲು: “ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿನಗೆ ಎರಡೂ ಬರ್ತದೆ. ಇನ್ನು ಕಲಿಯಲಿಕ್ಕೆ ಎಂತ ಬಾಕಿ?”

ಬಾಕಿ ಇದ್ದದ್ದು ಬಾಯಿ ಮುಚ್ಚುವುದು. ಅದು ಮೊದಲ ಕಮ್ಮಟದಲ್ಲೇ ಗೊತ್ತಾಯಿತು.

ಕಮ್ಮಟವೆಂದರೆ ಒಬ್ಬರ ಬರಹವನ್ನು ಎಲ್ಲರೂ ಓದಿಕೊಂಡು ಬಂದು, ದುಂಡಗೆ ಕುಳಿತು ಚರ್ಚಿಸುವುದು. ಹಾಸನ ಕಡೆಯ ಸಹಪಾಠಿಯೊಬ್ಬಳು ನನ್ನ ಕತೆಯನ್ನು ಮುಂದಿಟ್ಟುಕೊಂಡು, “ಈ ಹುಡುಗಿ ಸಿಟ್ಟು ಮಾಡ್ಕೊಳ್ಳೋದು ಸರಿ, ಆದ್ರೆ ಅಪ್ಪ ಯಾಕೆ ಬೇಡ ಅಂದ ಅನ್ನೋದು ಕತೇಲಿ ಎಲ್ಲೂ ಇಲ್ವಲ್ಲ” ಎಂದಳು. ಆಕ್ಷೇಪ ಬಂತಲ್ಲ, ನಾನು ಬಿಡುತ್ತೇನೆಯೇ? ಸೆರಗು ಸಿಕ್ಕಿಸಿ ನೆಟ್ಟಗೆ ಕುಳಿತೆ. “ಕೇಳಿದ್ದು ಒಳ್ಳೆಯದಾಯಿತು” ಎಂದು ಶುರು ಮಾಡಿ, ಮೇಜಿನ ಮೇಲೆ ತಾಳ ಹಾಕುತ್ತ, ಉಪಮೆ ಕೊಟ್ಟು, ಶ್ಲೋಕ ಹೇಳಿ, ಅವಳ ಮಾತಿನ ಎಳೆಯೆಳೆಯನ್ನೂ ಬಿಡಿಸಿ ಹಾಕಿದೆ. ಮುಗಿಸಿ, ಈಗ ನಿನ್ನ ಸರದಿ ಎನ್ನುವಂತೆ ಅವಳ ಮುಖ ನೋಡಿದೆ. ಪಾಪ, ಅವಳ ಕಣ್ಣಲ್ಲಿ ನೀರು! ನಮ್ಮ ಕೂಟದಲ್ಲಾದರೆ ಇಷ್ಟು ಹೊತ್ತಿಗೆ ಚಪ್ಪಾಳೆ ಬೀಳಬೇಕಿತ್ತು.

ನಮಗೆ ಕಲಿಸುತ್ತಿದ್ದ ಮೇಡಂ ಮೈಸೂರಿನವರು. ನನಗಿಂತ ಚಿಕ್ಕವರು, ಆದರೆ ಗಟ್ಟಿಗಿತ್ತಿ. “ಕಮ್ಮಟದ ನಿಯಮ ಒಂದೇ. ಬರೆದವರು ಮಾತಾಡೋ ಹಾಗಿಲ್ಲ” ಎಂದರು.

“ಸುಮ್ಮನೆ ಕೂತರೆ ಒಪ್ಪಿಕೊಂಡ ಹಾಗೆ ಆಗ್ತದಲ್ಲ, ಮೇಡಂ?”

“ನಾಳೆ ಪುಸ್ತಕ ಬಂದ್ರೆ ಒಬ್ಬೊಬ್ಬ ಓದುಗರ ಪಕ್ಕದಲ್ಲೂ ಹೋಗಿ ಕೂತ್ಕೊಂಡು ವಾದ ಮಾಡ್ತೀರಾ? ಹೇಳೋದಿದ್ರೆ ಕತೆಯೊಳಗೇ ಹೇಳಿ.”

ಆ ದಿನ ಮೂಡುಬಿದಿರೆಯಿಂದ ಬೆಳ್ತಂಗಡಿಯ ಬಸ್ಸು ಹತ್ತಿದವಳು ವೇಣೂರು ದಾಟುವವರೆಗೂ ಮನಸ್ಸಿನಲ್ಲೇ ಅವರ ಜೊತೆ ವಾದಿಸಿದೆ. ಪಕ್ಕದ ಸೀಟಿನ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಜಪ ಮಾಡುತ್ತಿದ್ದೇನೆಂದು ತಿಳಿದು ಕಾಲು ಮಡಚಿ ಕುಳಿತಳು. ಗುರುವಾಯನಕೆರೆ ಬರುವಾಗ ನನ್ನ ಹತ್ತಿರ ಉತ್ತರ ಮುಗಿದಿತ್ತು.

ಅಪ್ಪ ಅರ್ಥಕ್ಕೆ ಕೂರುವಾಗ ಸ್ವರ ಒಣಗದಿರಲೆಂದು ಬಾಯಲ್ಲಿ ಒಂದು ತುಂಡು ಕಲ್ಲುಸಕ್ಕರೆ ಇಟ್ಟುಕೊಳ್ಳುತ್ತಾರೆ. ನಾನು ಅದನ್ನೇ ತಿರುಗಿಸಿ ಹಿಡಿದೆ. ನನ್ನ ಕತೆಯ ಸರದಿ ಬಂದಾಗಲೆಲ್ಲ ಒಂದು ದೊಡ್ಡ ತುಂಡು ಬಾಯಿಗೆ ಹಾಕಿ, ಕರಗುವವರೆಗೆ ತುಟಿ ಬಿಡಿಸಬಾರದು ಎಂದು ನನಗೆ ನಾನೇ ಆಣೆ ಹಾಕಿಕೊಂಡೆ. ಅಯ್ಯೋ, ಆ ಕಷ್ಟ ಶತ್ರುವಿಗೂ ಬೇಡ! ಆದರೆ ಆಡಲಾಗದ ಮಾತು ಎಲ್ಲಿಗೆ ಹೋಗಬೇಕು? ಕತೆಯೊಳಗೇ ಹೋಯಿತು. ಹಾಸನದವಳು ಕೇಳಿದ್ದು ಸರಿಯೇ ಇತ್ತು. ಅಪ್ಪ ಯಾಕೆ ಬೇಡ ಎಂದಿರಬಹುದು? ಅವರ ಪಾತ್ರವನ್ನು ನಾನೇ ವಹಿಸಿ, ಅವರು ಏನೇನು ಹೇಳಿಯಾರು ಎಂದು ಯೋಚಿಸಿ, ಅದಕ್ಕೆಲ್ಲ ಹುಡುಗಿಯ ಬಾಯಲ್ಲಿ ಜವಾಬು ಬರೆದೆ. ಬರೆದದ್ದನ್ನು ಹೊಡೆದು ಮತ್ತೆ ಬರೆದೆ. ಕೊನೆಗೆ ಮೇಡಂ ಓದಿ, “ಈಗ ನೀವು ಪಕ್ಕದಲ್ಲಿ ಕೂರೋದು ಬೇಡ” ಎಂದರು. ನಾನು ಬಸ್‌ಸ್ಟ್ಯಾಂಡಿನವರೆಗೆ ನೆಲ ಮುಟ್ಟದೆ ನಡೆದೆ.

ಕೊನೆಯ ಪರೀಕ್ಷೆಯೆಂದರೆ ಹೊರಗಿನ ಪರೀಕ್ಷಕರ ಎದುರು, ಸಭೆಯಲ್ಲಿ, ನಮ್ಮ ಬರಹವನ್ನು ನಾವೇ ಓದುವುದು. ಮನೆಯವರೂ ಬರಬಹುದು. ನಿಯಮ ಅಲ್ಲೂ ಅದೇ: ಬರೆದದ್ದನ್ನು ಬಿಟ್ಟು ಒಂದು ಮಾತು ಸೇರಿಸಿದರೂ ಓದು ರದ್ದು, ಮುಂದಿನ ವರ್ಷ ಮತ್ತೆ ಬರಬೇಕು. ನನಗೋ ಇನ್ನೊಂದು ವರ್ಷ ರಜೆ ಸಿಗುವಂತಿರಲಿಲ್ಲ.

ಅಪ್ಪ ಕೂಟಕ್ಕೆ ಹೊರಡುವ ಹಾಗೆ ಇಸ್ತ್ರಿ ಪಂಚೆ, ಜರಿ ಶಾಲು ಹಾಕಿಕೊಂಡು ಬಂದು ಮೊದಲ ಸಾಲಿನಲ್ಲೇ ಕುಳಿತರು. ನಾನು ಎದ್ದು ಹೋಗುವಾಗ ಜೇಬಿನಿಂದ ಒಂದು ತುಂಡು ಕಲ್ಲುಸಕ್ಕರೆ ತೆಗೆದು ಕೈಯಲ್ಲಿಟ್ಟು, “ಸ್ವರಕ್ಕೆ” ಎಂದರು. ದವಡೆಯಲ್ಲಿ ಒತ್ತಿ ಇಟ್ಟುಕೊಂಡು ಓದತೊಡಗಿದೆ. ಹೋಟೆಲು ಬಂತು, ಕೂಟ ಬಂತು, ಚಹಾದ ತಟ್ಟೆ ಬಂತು. ನಂತರ ಹುಡುಗಿಯ ಪ್ರಶ್ನೆ ಬಂತು: “ನಾಲಗೆ ನನಗೂ ಉಂಟಲ್ಲ ಅಪ್ಪ. ಯಾಕೆ ಕೂರಿಸಲಿಲ್ಲ?”

ಓದಿ ಉಸಿರೆಳೆದುಕೊಂಡೆ. ಆ ಒಂದು ಉಸಿರಿನ ಸಂದಿನಲ್ಲಿ, “ಹಾಗೋ!” ಎಂದು ಸಭೆಯಿಂದ ಸ್ವರ ಬಂತು.

ಅಪ್ಪ! ಸಭೆಯಲ್ಲಿ ಆಕ್ಷೇಪ ಬಿದ್ದರೆ ಉತ್ತರಿಸದೆ ಕೂತು ಗೊತ್ತಿಲ್ಲದ ಮನುಷ್ಯ. ಶಾಲು ಸರಿ ಮಾಡಿಕೊಂಡು, ಕುಳಿತಲ್ಲಿಂದಲೇ, ಅರ್ಥಗಾರಿಕೆಯ ತುಂಬು ಕನ್ನಡದಲ್ಲಿ ಶುರು ಮಾಡಿಯೇ ಬಿಟ್ಟರು. “ಮಗಳೇ, ಕೇಳು. ನಿನ್ನ ನಾಲಗೆಯ ಮೇಲೆ ಈ ತಂದೆಗೆ ಸಂಶಯವಿರಲಿಲ್ಲ. ಹೆದರಿದ್ದು ಊರಿನ ನಾಲಗೆಗೆ! ಅಷ್ಟು ಗಂಡಸರ ನಡುವೆ ನಿನ್ನನ್ನು ಕೂರಿಸಿ, ನಾಳೆ ಅವರೇ ನಿನ್ನ ವಿಷಯ ಆಡಿಕೊಂಡರೆ, ಅದನ್ನು ಕೇಳಿಸಿಕೊಳ್ಳಬೇಕಾದ ಕಿವಿ ಯಾರದು? ನನ್ನದಲ್ಲವೇ?”

ಪರೀಕ್ಷಕರು ಕನ್ನಡಕ ತೆಗೆದರು. ಮೇಡಂ ಮುಖ ಬಿಳುಚಿತು. ಅವರು ನನ್ನತ್ತ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು: ಬೇಡ. ನನ್ನ ನಾಲಗೆಯ ತುದಿಯಲ್ಲಿ ಜವಾಬುಗಳು ನೂಕುನುಗ್ಗಲು ಮಾಡುತ್ತಿದ್ದವು. ಇಷ್ಟು ವರ್ಷ ಕಾದ ಉತ್ತರ ಬಂದಿದೆ, ಈಗ ನಾನು ಸುಮ್ಮನಿರಬೇಕೇ? ಕಲ್ಲುಸಕ್ಕರೆ ಕಚ್ಚಿ ಹಿಡಿದು ಪುಟದತ್ತ ಕಣ್ಣಿಳಿಸಿದೆ. ಮುಂದಿನ ಸಾಲು ಅಲ್ಲಿಯೇ ಇತ್ತು. ಅದನ್ನೇ ಓದಿದೆ.

“ಊರ ಬಾಯಿಗೆ ಹೆದರಿದಿರಿ, ಗೊತ್ತುಂಟು. ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಊರ ಬಾಯಿ ಮುಚ್ಚಿತಾ ಅಪ್ಪ? ಆಡಿಕೊಳ್ಳುವವರು ಹೇಗೂ ಆಡಿಕೊಳ್ಳುತ್ತಾರೆ. ಅವರ ಎದುರು ಕೂತು ಜವಾಬು ಕೊಡಲಿಕ್ಕೆ ನಿಮ್ಮ ಪಕ್ಕದಲ್ಲಿ ನಾನಿರುತ್ತಿದ್ದೆ.”

ಪರೀಕ್ಷಕರು ತಮ್ಮ ಮುಂದಿದ್ದ ನನ್ನ ಕತೆಯ ಪ್ರತಿಯ ಮೇಲೆ ಬೆರಳಿಟ್ಟು ಆ ಸಾಲನ್ನು ಹುಡುಕಿದರು. ಅಲ್ಲಿಯೇ ಅಚ್ಚಾಗಿತ್ತು, ಒಂದಕ್ಷರ ಆಚೀಚೆ ಇಲ್ಲ. ಅವರು ಮೇಡಂ ಕಡೆ ನೋಡಿ ತಲೆದೂಗಿದರು. ನನಗೆ ಎದೆ ಉಬ್ಬಿತು. ಉಬ್ಬಿತು ಎಂದು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅಪ್ಪ ಅಭ್ಯಾಸಬಲದಿಂದ ಭಾಗವತರು ಕೂರುವ ಕಡೆಗೆ ತಿರುಗಿದರು. ಅಲ್ಲಿ ಯಾರಿದ್ದಾರೆ? ಖಾಲಿ ಕುರ್ಚಿ. ಮತ್ತೆ ನಿಧಾನಕ್ಕೆ ನನ್ನ ಕಡೆ ತಿರುಗಿ, ಜನ್ಮದಲ್ಲಿ ಯಾರಿಗೂ ತೋರಿಸದ ಕೈಯನ್ನು ಮುಂದೆ ಚಾಚಿದರು.

“ಮುಂದಿನ ಪದ್ಯ” ಎಂದರು. ಆಮೇಲೆ ಆ ದೊಡ್ಡ ಕನ್ನಡ ಬಿಟ್ಟು, ಮನೆಯ ತುಳುವಿನಲ್ಲಿ, ಮೆಲ್ಲಗೆ, “ಪಣ್ಲ ಮಗಾ” ಎಂದರು. ಹೇಳು ಮಗಾ, ಎಂದು.

ನಾನು ಪುಟ ತಿರುಗಿಸಿ ಓದಿದೆ.