ಗಂಟಲು ಕೆಡಿಸಿಕೊಳ್ಳುವ ವಿನಯ

ಹಾಡಲು ಬರುವ ನಮ್ಮವರಿಗೆಲ್ಲ, ಹಾಡಿ ಎಂದು ಕೇಳಿದ ಮರುಕ್ಷಣವೇ ಗಂಟಲು ಕೆಡುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ಮೂರು ಸಲ ಬೇಡಿಕೊಂಡರೆ ಔಷಧವಿಲ್ಲದೆ ಗುಣವಾಗುವ ಈ ವ್ಯಾಧಿಗೆ ನಾವು ವಿನಯವೆಂದು ನಾಮಕರಣ ಮಾಡಿದ್ದೇವೆ. ನನ್ನ ಮಟ್ಟಿಗೆ ಅದು ಕೇಳುಗರ ಮೇಲೆ ಹೇರಿದ ಸುಂಕ, ಮತ್ತು ಅದನ್ನು ವಸೂಲಿ ಮಾಡುವವರು ಇಂದಿಗೂ ಯಾರಿಗೂ ಉತ್ತರ ಕೊಟ್ಟಿಲ್ಲ. ವಿಶ್ವವಿದ್ಯಾಲಯದಲ್ಲಿ ಉತ್ತರದಾಯಿತ್ವವನ್ನೇ ವಿಷಯವಾಗಿ ಓದಿದ ನನಗೆ ಹೋದಲ್ಲೆಲ್ಲ ಜವಾಬು ಕೇಳುವ ಚಟ. ಊಟಕ್ಕೆ ಕರೆಯುವವರು ಕಡಿಮೆಯಾಗಿರುವುದಕ್ಕೂ ಅದೇ ಕಾರಣವಿರಬೇಕು.

ಕಳೆದ ನವರಾತ್ರಿಯಲ್ಲಿ, ಕಡಲಾಚೆಯ ಈ ಕೆಂಡಲ್ ಪಾರ್ಕಿನ ನನ್ನ ಚಿಕ್ಕಮ್ಮನ ಮನೆಗೆ ಬೊಂಬೆ ನೋಡಲು ವಿಮಲಾ ಆಂಟಿ ಬಂದಿದ್ದರು. ಒಂದು ಕಾಲಕ್ಕೆ ಮೈಸೂರಿನ ಸಭೆಗಳಲ್ಲಿ ಹಾಡಿದ್ದ ಅವರು ಇಲ್ಲಿ ಮಕ್ಕಳಿಗೆ ಸರಳೆ ಹೇಳಿಕೊಡುವುದರಲ್ಲೇ ವರ್ಷಗಳನ್ನು ಕಳೆದಿದ್ದರು. ಅಂದು ಮಾತ್ರ ಹಾಡಲೇಬೇಕೆಂದು ತಿಂಗಳಿಂದ ಕಾರಿನಲ್ಲಿ ಸಾಧನೆ ನಡೆಸಿದ್ದರು. ಚಿಕ್ಕಮ್ಮ ಕೇಳಿದಾಗ, “ಅಯ್ಯೋ, ಗಂಟಲೇ ಸರಿಯಿಲ್ಲ ಕಣ್ರೀ,” ಎಂದರು; ಇಂಗ್ಲಿಷಿನಲ್ಲೂ ಅದನ್ನೇ ಹೇಳಿದರು.

ಬೊಂಬೆ ನೋಡಲು ಬಂದಿದ್ದ ಪಕ್ಕದ ಮನೆಯ ರೂತ್, ನಿವೃತ್ತ ಶಿಕ್ಷಕಿ, ಯೆಹೂದಿ ಸಂಪ್ರದಾಯಸ್ಥೆ, ಹೇಳಿದ್ದನ್ನು ನಂಬುವ ಸಜ್ಜನೆ, ತಕ್ಷಣ ಎದ್ದು ಬಿಸಿನೀರಿಗೆ ಜೇನು ಬೆರೆಸಿ ತಂದರು. ಯಾರೂ ಬಲವಂತ ಮಾಡಕೂಡದೆಂದು ಎಲ್ಲರನ್ನೂ ವಿನಂತಿಸಿದರು. ಚಿಕ್ಕಮ್ಮ ಕೋಸಂಬರಿ ಹಂಚತೊಡಗಿದರು. ಎರಡನೆಯ ಆಹ್ವಾನ ಬರಲೇ ಇಲ್ಲ.

ಸುಂಕದ ಈ ಪರಾಭವಕ್ಕೆ ನಾನು ಹಿಗ್ಗಬೇಕಿತ್ತು. ಆದರೆ ಜೇನುನೀರಿನ ಲೋಟದ ಹಿಂದೆ ಬಾಡುತ್ತಿದ್ದ ಆ ಮುಖವನ್ನು ನೋಡಲಾಗದೆ, ಆಂಟಿಯ ಎದುರೇ ರೂತ್ ಅವರಿಗೆ ನಿಜಸ್ಥಿತಿಯನ್ನು ವಿವರಿಸಿದೆ. ಅವರು ಗಾಬರಿಗೊಂಡು, ಬಳಿಕ ಮನಸಾರೆ ನಕ್ಕರು. ತಮ್ಮ ಧರ್ಮದಲ್ಲೂ ಗರ್ವ ಮಹಾದೋಷವೇ ಎಂದರು. ಆದರೂ ವಿದ್ಯಾವಂತರಿಗೆ ಎಂಟರಲ್ಲೊಂದು ಪಾಲಿನ ಎಂಟರಲ್ಲೊಂದು ಪಾಲು ಗರ್ವವಿರಲಿ, ಅಷ್ಟೂ ಇಲ್ಲದಿದ್ದರೆ ಅವರ ಮಾತನ್ನು ಯಾರು ಕೇಳುತ್ತಾರೆ ಎಂದು ಹಿರಿಯರು ಅನುಮತಿಸಿದ್ದಾರಂತೆ. ಅಷ್ಟೂ ಕೂಡದೆಂದು ಆಕ್ಷೇಪಿಸಿದ ಗುರುಗಳೂ ಉಂಟಂತೆ. ವಾದ ಇನ್ನೂ ಮುಗಿದಿಲ್ಲವಂತೆ. ಇರುವುದನ್ನು ಇಲ್ಲವೆನ್ನುವುದು ಮಾತ್ರ ವಿನಯವಲ್ಲ, ಕೊಟ್ಟವನಿಗೆ ಮಾಡುವ ಅವಮಾನ ಎಂಬುದು ರೂತ್ ಅವರ ಸ್ವಂತ ತೀರ್ಪು.

“ಒಗ್ಗರಣೆಗೆ ಹಾಕೋ ಇಂಗಿನಷ್ಟು ಅನ್ನಿ,” ಎಂದು ಆಂಟಿ ಲೋಟ ಕೆಳಗಿಟ್ಟರು. “ಹಾಗಾದ್ರೆ ಹಾಡ್ತೀನಿ. ಚೆನ್ನಾಗೇ ಹಾಡ್ತೀನಿ, ಎಲ್ಲ ಕೂತ್ಕೊಳ್ಳಿ.”

ಹಾಡಿದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಫೋನಿನಲ್ಲಿ ಮುಳುಗಿದ್ದ ಮಕ್ಕಳೂ ತಲೆಯೆತ್ತಿದರು. ಮುಗಿದಾಗ ರೂತ್, ಇಷ್ಟು ಸೊಗಸಾದ ಕಂಠವನ್ನು ತಾವು ಕೇಳಿಯೇ ಇಲ್ಲ ಎಂದರು. “ಅಯ್ಯೋ, ನಂದೇನು...” ಎಂದು ಆರಂಭಿಸಿದ ಆಂಟಿ, ಉಳಿದದ್ದನ್ನು ನುಂಗಿಕೊಂಡು, “ಥ್ಯಾಂಕ್ಯೂ, ಐ ನೋ,” ಎಂದುಬಿಟ್ಟರು. ಆಮೇಲೆ, ಇಂಗು ತುಸು ಜಾಸ್ತಿಯಾಯಿತೇನೋ ಎಂಬಂತೆ ನನ್ನತ್ತ ನೋಡಿದರು.