ಸತ್ತ ಡಿಸ್ಕಿನ ಸಂಸಾರ ಸಾಗಿಸುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಅಂಗಡಿಯಲ್ಲಿ ಎಲ್ಲರೂ ಡಿಸ್ಕಕ್ಕ ಎಂದು ಕರೆಯುವ ಇವರು ಒಂದು ಹಾರ್ಡ್ ಡಿಸ್ಕಿಗೆ ಕಿವಿಗೊಟ್ಟು ಕೂತಿದ್ದಾರೆ; ಇವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿದ್ದೇನೆ. ಒಳಗಿನಿಂದ ಯಾರೋ ಉಗುರಲ್ಲಿ ಕೆರೆಯುವಂಥ ಸದ್ದು. "ಇದರ ಕತೆ ಮುಗೀತು," ಅನ್ನುತ್ತಾರೆ.

ಕೆಟ್ಟ ಡಿಸ್ಕಿನಲ್ಲಿದ್ದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯನ್ನು ಬ್ಯಾಕಪ್‌ನಿಂದ, ಅಂದರೆ ಮೊದಲೇ ಬೇರೆಡೆ ಇಟ್ಟ ನಕಲಿನಿಂದ ತೆಗೆದು ಬೇರೆ ಅಳತೆಯ ಡಿಸ್ಕಿನಲ್ಲಿ ಎಬ್ಬಿಸುವುದು ಇವರ ಕಸುಬು. ಜೆರಾಕ್ಸ್ ಅಂಗಡಿಯಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು, ಅಲ್ಲಿನ ಹಾಳು ಕಂಪ್ಯೂಟರುಗಳನ್ನು ಬಿಚ್ಚಿ ಕಲಿತದ್ದು. ಗಿರಾಕಿಗಳು ತರುವುದು ಹೆಚ್ಚಾಗಿ ಅಗ್ಗದ, ಚಿಕ್ಕ ಡಿಸ್ಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ದಿನದ ದುಡಿಮೆ.

"ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಗೋಡೆ ಹೊತ್ಕೊಂಡು ಹೋಗಕ್ಕಾಗುತ್ತಾ? ಹೊಸ ಗೋಡೆ ಎಬ್ಬಿಸಿ ಸಾಮಾನು ಮಾತ್ರ ಸಾಗಿಸ್ಬೇಕು. ಹೊಸ ಡಿಸ್ಕಿನ ಗುರುತು ಬರೆಯೋದು ಮರೆತ್ರೆ, ಕಂಪ್ಯೂಟರು ಸತ್ತ ಡಿಸ್ಕನ್ನೇ ಹುಡುಕ್ತಾ ಕಾಯ್ತಾ ಕೂರುತ್ತೆ. ಈಗ್ಲೂ ನೋಡಿದ್ರೆ ಮೈ ಜುಮ್ಮನ್ನುತ್ತೆ."

ಇವತ್ತಿನದು ಹೊಲಿಗೆ ಟೀಚರೊಬ್ಬರ ಕಂಪ್ಯೂಟರು. ಕಾಯಿಲೆ ಬಿದ್ದ ಅವರ ಗಂಡ ಸಾಯುವ ಮುಂಚೆ ಹೆಂಡತಿಗಾಗಿ ಬೆಳಗಿಗೊಂದರಂತೆ ಮಾತು ರೆಕಾರ್ಡ್ ಮಾಡಿಟ್ಟಿದ್ದಾರೆ. ಕಂಪ್ಯೂಟರು ದಿನಾ ಒಂದನ್ನು ಕೇಳಿಸಿ, ಕೇಳಿಸಿದ್ದನ್ನು ಅಳಿಸುತ್ತದೆ. ದಿನವೂ ತಾನಾಗಿ ಬ್ಯಾಕಪ್ ಆಗುವಂತೆಯೂ ಮಾಡಿಹೋದ ಪುಣ್ಯಾತ್ಮ. ಇನ್ನೂ ಎಷ್ಟೋ ಮಾತು ಉಳಿದಿರುವಾಗ ಡಿಸ್ಕು ಕೈಕೊಟ್ಟಿದೆ. "ನನಗಿಂತ ಮುಂಚೆ ಯಾರೂ ಕೇಳ್ಬಾರ್ದು ಕಣಮ್ಮ," ಎಂದು ಟೀಚರು ಕೈ ಹಿಡಿದು ಬೇಡಿಕೊಂಡಿದ್ದಾರಂತೆ.

ಹೊಸ ಡಿಸ್ಕು ಸಿದ್ಧವಾಗಿದೆ. ಡಿಸ್ಕಕ್ಕ ಸ್ವಿಚ್ಚು ಒತ್ತುತ್ತಾರೆ. ಆರಿದ್ದಾಗ ತಪ್ಪಿಹೋದ ಕೆಲಸವನ್ನು ಎದ್ದ ಕೂಡಲೇ ಮಾಡಿ ಮುಗಿಸುವಂತೆ ಆ ಗಂಡ ಕಂಪ್ಯೂಟರಿಗೆ ಹೇಳಿಟ್ಟಿದ್ದಾರೆ. ಅದನ್ನು ತಡೆಯಲು ಇವರು ಮರೆತಿದ್ದಾರೆ.

"ಎದ್ಯಾ?" ಸ್ಪೀಕರಿನಿಂದ ಗಂಡಸಿನ ದನಿ. "ಬಾಗಿಲ ಹತ್ರ ಯಾರೋ ನಿಂತಿದಾರೆ ನೋಡು."

ಇಬ್ಬರೂ ತಿರುಗುತ್ತೇವೆ. ಬಾಗಿಲಲ್ಲಿ ಯಾರೂ ಇಲ್ಲ. ಸ್ಪೀಕರಿನಿಂದ ಬರೀ ಉಸಿರಾಟ ಕೇಳುತ್ತದೆ. ಆಮೇಲೆ ಕೆಮ್ಮು ಬೆರೆತ ನಗು: "ಯಾರೂ ಇಲ್ಲ ಕಣೇ. ನಿನ್ನ ಎಬ್ಬಿಸಕ್ಕೆ ಹೇಳ್ದೆ."

ಮಾತು ಅಳಿಸಿಹೋಗುತ್ತದೆ. ಡಿಸ್ಕಕ್ಕ ಹಣೆ ಒರೆಸಿಕೊಂಡು, ಅಳಿಸಿದ ಮಾತೂ ಮರಳಿ ಬರಲೆಂದು ಹೊಸ ಡಿಸ್ಕನ್ನು ಪೂರ್ತಿ ಖಾಲಿ ಮಾಡಿ, ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ಸಾಗಿಸಲು ಕೂರುತ್ತಾರೆ. ಈ ಸಲ ಸ್ಪೀಕರ್ ಕಿತ್ತಿಟ್ಟಿದ್ದಾರೆ, ಆ ಕೆಲಸಕ್ಕೂ ತಡೆ ಹಾಕಿದ್ದಾರೆ.

ಟೀಚರಿಗೆ ಹೇಳುತ್ತೀರಾ ಎಂದು ಕೇಳುತ್ತೇನೆ.

"ಕೇಳಿಸ್ಕೊಂಡೆ ಅಂತ ಹೇಳ್ಲೇಬೇಕು. ಬೈದ್ರೆ ಬೈಸ್ಕೋತೀನಿ. ಏನು ಕೇಳ್ದೆ ಅಂತ ಮಾತ್ರ ಹೇಳಲ್ಲ. ಅವರು ಅದನ್ನ ಕೇಳೋ ಬೆಳಗು ಕಳೆಯೋ ತನಕ ನೀವೂ ಬರೀಬೇಡಿ," ಅನ್ನುತ್ತಾರೆ. "ಅವರೂ ಒಂದ್ಸಲ ಬಾಗಿಲ ಕಡೆ ತಿರುಗಿ ನೋಡ್ಲಿ."