ಕೊನೆಯ ಮೂಟೆಯ ಗಂಟು

ದಬ್ಬಣದಕ್ಕ ಯಾರಿಗೂ ಸೊಪ್ಪು ಹಾಕಿದವಳಲ್ಲ. ಧಾನ್ಯದ ಗೋದಾಮಿನಲ್ಲಿ ಮೂಟೆಗಳ ಬಾಯಿ ಹೊಲಿಯಲು ಕೂತು ಮೂವತ್ತೆಂಟು ವರ್ಷವಾಗಿತ್ತು. ಮೂಟೆಗೆ ಹನ್ನೊಂದು ಹೊಲಿಗೆ, ಒಂದು ಗಂಟು, ಅಷ್ಟೇ. ಯಾರಾದರೂ ಹನ್ನೆರಡನೆಯದು ಹಾಕಿದರೆ ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. "ಏನಮ್ಮಾ, ಮದುವೆ ಬಟ್ಟೆ ಹೊಲೀತಿದೀಯಾ?" ಎಂದು ಎಲ್ಲರೆದುರೇ ಕೇಳಿಬಿಡುತ್ತಿದ್ದಳು.

ಆ ಗೋದಾಮಿಗೆ ಕ್ಯಾಲೆಂಡರಿನಲ್ಲಿಲ್ಲದ ಒಂದು ರಜೆಯಿತ್ತು. ಮಳೆ ಹಿಂದೆ ಸರಿದು, ಚಳಿ ಇನ್ನೂ ಕಾಲಿಡದ ದಿನಗಳಲ್ಲಿ ಕೊಯ್ಲು ಮುಗಿಯುತ್ತಿತ್ತು. ಆಗ ಹೊಲಿಯುವವರಲ್ಲಿ ಹಿರಿಯಳಾದವಳು ಕೊನೆಯ ಮೂಟೆಗೆ ಗಂಟು ಬಿಗಿದು "ಮುಗೀತು" ಅನ್ನಬೇಕು. ಅಂದಳೆಂದರೆ ಮೂರು ದಿನ ಯಾರೂ ಸೂಜಿ ಮುಟ್ಟುವಂತಿಲ್ಲ. ಗಂಡನ ಅಂಗಿಯ ಗುಂಡಿ ಕಿತ್ತುಬಂದರೂ ಅವನು ಹಾಗೇ ಓಡಾಡಿಕೊಂಡಿರಲಿ! ಗೋದಾಮಿನ ಅಂಗಳದಲ್ಲಿ ಖಾಲಿ ಚೀಲ ಹಾಸಿ ಎಲ್ಲರೂ ಕೂತು ಉಣ್ಣುವುದು, ಹರಟುವುದು, ಮಟಮಟ ಮಧ್ಯಾಹ್ನ ಗೊರಕೆ ಹೊಡೆಯುವುದು. ವರ್ಷಕ್ಕೊಮ್ಮೆ ಸಿಗುವ ಸುಖ ಅದೊಂದೇ.

ಈ ಸಲ ಹೊಸ ಮ್ಯಾನೇಜರ್ ಬಂದಿದ್ದ. ಜೊತೆಗೆ ಮೂಟೆ ಹೊಲಿಯುವ ಮೆಷಿನ್ನೂ ಬಂದಿತ್ತು. ಅದನ್ನು ನಡೆಸುವ ಕೆಲಸ ದಬ್ಬಣದಕ್ಕನ ಸೊಸೆಗೇ ಬಿತ್ತು. ಕೊಯ್ಲಿನ ಕೊನೆಯ ಗಾಡಿ ಖಾಲಿಯಾದ ಬೆಳಿಗ್ಗೆ ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ: "ಈಗ ದೂರದಿಂದ ವರ್ಷವೆಲ್ಲಾ ಲಾರಿ ಬರುತ್ತೆ. ನಾಳೆಗೇ ಇಪ್ಪತ್ತು ಲೋಡು ಇದೆ. ಕೊನೆಯ ಮೂಟೆ ಅನ್ನೋದೇ ಇಲ್ಲ ಅಂದ್ಮೇಲೆ ರಜೆ ಎಲ್ಲಿಂದ ಬರುತ್ತೆ?"

"ಕೊನೆಯ ಮೂಟೆ ಯಾವತ್ತೂ ಇರಲಿಲ್ಲ ಕಣಪ್ಪಾ," ಅಂದಳು ದಬ್ಬಣದಕ್ಕ, ಕೈಯ ಕೆಲಸ ನಿಲ್ಲಿಸದೆ. "ಇದನ್ನ ಶುರುಮಾಡಿದ್ದು ನಮ್ಮತ್ತೆಯ ಅತ್ತೆ. ಆವತ್ತು ಅಂಗಳದಲ್ಲಿ ಇನ್ನೂ ನಲವತ್ತು ಚೀಲ ಬಾಯಿ ಬಿಟ್ಕೊಂಡು ನಿಂತಿದ್ವು. ಅವಳ ಬೆರಳು ಊದಿ ದಬ್ಬಣ ಹಿಡಿಯೋಕಾಗ್ತಿರಲಿಲ್ಲ. ಒಂದು ಗಂಟು ಬಿಗಿದು, ಮುಗೀತು ಅಂದು ಎದ್ದು ಹೋದ್ಲು. ಗೋದಾಮಿನ ಯಜಮಾನ ಮೂರು ದಿನ ಕೂಗಾಡಿ ನಾಲ್ಕನೇ ದಿನ ತೆಪ್ಪಗಾದ."

"ಹಳೇ ಕಥೆ ಬೇಡ. ಎದ್ದು ಹೋದವರು ಮತ್ತೆ ಬರೋದೂ ಬೇಡ."

ಸೊಸೆ ಮೆಷಿನ್ನಿನ ಪಕ್ಕದಿಂದಲೇ ಅವಳ ಕಡೆ ಬಗ್ಗಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನಿರಿ. ಇಬ್ಬರ ಕೆಲಸಾನೂ ಹೋದ್ರೆ ಮನೆ ನಡೆಯೋದು ಹೇಗೆ?" ಎಂದು ಪಿಸುಗುಟ್ಟಿದಳು.

ದಬ್ಬಣದಕ್ಕ ಹನ್ನೊಂದನೆಯ ಹೊಲಿಗೆ ಹಾಕಿದಳು. ಗಂಟು ಬಿಗಿದಳು. "ಮುಗೀತು," ಎಂದು ಎದ್ದಳು.

ಯಾರೂ ಏಳಲಿಲ್ಲ. ಅವಳು ಒಬ್ಬಳೇ ಬಾಗಿಲವರೆಗೆ ನಡೆದಳು. ಬೆನ್ನ ಹಿಂದೆ ಮೆಷಿನ್ ಗರಗರ ಅನ್ನುತ್ತಲೇ ಇತ್ತು. ಅವಳಿಗೆ ಭಯವಾಯಿತು, ನಾಚಿಕೆಯೂ ಆಯಿತು. ಆದರೂ ತಿರುಗಿ ನೋಡಲಿಲ್ಲ. ಹೊಸ್ತಿಲು ದಾಟುವಾಗ ಸದ್ದು ನಿಂತಿತು. ಸೊಸೆ ಸ್ವಿಚ್ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಅವಳ ಹಿಂದೆ ಚೀಲ ಹಿಡಿಯುವವರು, ಅವರ ಹಿಂದೆ ತೂಕದವನು. ಕೊನೆಗೆ ಹಮಾಲರೂ ಬಂದರು.

ಮ್ಯಾನೇಜರ್ ಮೂರು ದಿನ ಅಂಗಳಕ್ಕೆ ಬೀಗ ಜಡಿದ. ಅವರೇನು ಕಮ್ಮಿಯೇ? ರಸ್ತೆಬದಿಯಲ್ಲೇ ಚೀಲ ಹಾಸಿ ಉಂಡರು. ಇಪ್ಪತ್ತು ಲಾರಿ ಸಾಲಾಗಿ ನಿಂತವು. ಡ್ರೈವರ್‌ಗಳೂ ಬಂದು ಪಂಕ್ತಿಯಲ್ಲಿ ಕೂತರು.

ನಾಲ್ಕನೆಯ ದಿನ ಗೇಟು ತೆರೆಯಿತು. ಎಲ್ಲರನ್ನೂ ಒಳಗೆ ಬಿಟ್ಟ ಮ್ಯಾನೇಜರ್ ದಬ್ಬಣದಕ್ಕನಿಗೆ ಮಾತ್ರ ಕೈ ಅಡ್ಡ ಹಿಡಿದ. "ಎಲ್ಲರ ಮುಂದೆ ತಪ್ಪಾಯ್ತು ಅನ್ನು. ಇನ್ನು ಈ ರಜೆ ಇಲ್ಲ ಅಂತ ನಿನ್ನ ಬಾಯಲ್ಲೇ ಹೇಳು. ಆಮೇಲೆ ಒಳಗೆ ಬಾ."

ಒಳಗೆ ಹೋದವರೆಲ್ಲ ನಿಂತು ಕೇಳುತ್ತಿದ್ದರು. ಅವಳು ಅವರ ತಲೆಗಳ ಮೇಲಿಂದ ಒಳಗೆ ನೋಡಿದಳು. ಮೂವತ್ತೆಂಟು ವರ್ಷ ಕೂತ ಜಾಗ ಅಲ್ಲೇ ಕಾಣುತ್ತಿತ್ತು.

"ಕೆಲಸ ನೀವು ಕೊಟ್ಟಿದ್ದು, ವಾಪಸ್ ತಗೊಳ್ಳಿ," ಅಂದಳು. "ರಜೆ ನೀವು ಕೊಟ್ಟಿದ್ದಲ್ಲ."

ಸೊಸೆ ಅಳುತ್ತಾ ಹೊರಗೆ ಹೆಜ್ಜೆಯಿಟ್ಟಳು. ದಬ್ಬಣದಕ್ಕ ಗದರಿದಳು: "ನೀನ್ಯಾಕೆ ಬರ್ತೀಯಾ? ನಡಿ ಒಳಗೆ! ಮುಂದಿನ ವರ್ಷ ಮುಗೀತು ಅನ್ನೋಕೆ ಒಳಗೆ ಯಾರಾದ್ರೂ ಇರಬೇಕಲ್ಲ."